ದೊಡ್ಡಮ್ಮ ಮತ್ತು ರೇಸ್ ಕಾರಿನ ಬೆಲ್ಟು

ನಮ್ಮ ದೊಡ್ಡಪ್ಪನಿಗೆ ರೇಸ್ ಹುಚ್ಚು. ಕುದುರೆ ರೇಸ್ ಅಲ್ಲ ಸ್ವಾಮಿ, ಕಾರ್ ರೇಸು. ಎಂಬತ್ತರ ದಶಕದಲ್ಲಿ ಮದ್ರಾಸಿನ ಹತ್ತಿರ ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ರೇಸ್ ನಡೀತಿತ್ತು. ಅದನ್ನು ನೋಡಿ ಬಂದಾಗ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ರಿಟೈರ್ ಆದ ಮೇಲೆ ಒಂದು ಹಳೇ ಮಾರುತಿ ಎಸ್ಟೀಮ್ ತಂದರು. ಮೈಸೂರಿನ ಮನೆ ಹಿತ್ತಲಲ್ಲಿ ತಗಡಿನ ಶೆಡ್ಡು. ಸೀಟು, ಕಾರ್ಪೆಟ್ಟು, ಏಸಿ ಎಲ್ಲ ಕಿತ್ತು ಹೊರಗೆ! ಭಾರ ಇಳಿದಷ್ಟೂ ಅದೇ 1298 ಸಿಸಿ ಇಂಜಿನ್ನಿಗೆ ಎಳೆಯೋದು ಸಲೀಸು, ಬ್ರೇಕಿಗೂ ಕೆಲಸ ಕಮ್ಮಿ. ಒಳಗೆ ಕಬ್ಬಿಣದ ಪೈಪಿನ ರೋಲ್ ಕೇಜ್ ಬಂತು. ದೊಡ್ಡಪ್ಪ ಮೆಕ್ಯಾನಿಕ್ಕು, ಅವರ ಮಗ ನಮ್ಮಣ್ಣ ಡ್ರೈವರ್ರು, ನಾನು ಟೈರ್ ಹೊರುವವನು. ದೊಡ್ಡಮ್ಮನದು ಸ್ಟಾಪ್‌ವಾಚು, ಪುಳಿಯೋಗರೆ ಮತ್ತು ಲೆಕ್ಕದ ಪುಸ್ತಕ. ಇಷ್ಟೇ ನಮ್ಮ ಟೀಮು.

2009ರಲ್ಲಿ ಜಗಳ ಶುರುವಾಯ್ತು. ರೇಸ್ ಬೆಲ್ಟಿನ ಮೇಲೆ ಒಂದು ಚೀಟಿ ಹೊಲಿದಿರುತ್ತೆ, ಇಂಥ ವರ್ಷದ ನಂತರ ಬಳಸಬಾರದು ಅಂತ. ಹಾಲಿನ ಪ್ಯಾಕೆಟ್ಟಿನ ತಾರೀಖನ್ನೂ ಬಿಡದ ದೊಡ್ಡಮ್ಮ ಅದನ್ನು ಓದಿಬಿಟ್ಟರು.

"ರೀ, ಈ ವರ್ಷಕ್ಕೆ ಮುಗಿಯುತ್ತಂತೆ."

"ಇನ್ನೂ ಟೈಮಿದೆಯಲ್ಲೇ. ಈ ಸಲ ಟೈರ್ ಹಾಕ್ಸೋಣ."

ಇದ್ದ ದುಡ್ಡಲ್ಲಿ ಎರಡರಲ್ಲಿ ಒಂದೇ ಬರ್ತಿತ್ತು. "ಹೊಲಿಗೆ ಹಾಕೋಳು ನಾನು. ಬಿಸಿಲಿಗೆ, ಬೆವರಿಗೆ ದಾರ ಹೇಗೆ ಸಾಯುತ್ತೆ ಅಂತ ನನಗೆ ಗೊತ್ತು" ಅಂದರು ದೊಡ್ಡಮ್ಮ. ಬೆಲ್ಟೇ ಬಂತು. ಸವೆದ ಟೈರಲ್ಲಿ ಓಡಿಸಿದ ಅಣ್ಣ ಕೊನೆಯಿಂದ ಎರಡನೆಯವನಾದ. ದೊಡ್ಡಪ್ಪ ಮೈಸೂರು ಬರೋವರೆಗೂ ಮಾತಾಡಲಿಲ್ಲ.

ಮಾರನೇ ವರ್ಷ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕು. 3.7 ಕಿಲೋಮೀಟರಿನ ಸುತ್ತು. ಮೂರನೇ ಸುತ್ತಲ್ಲಿ ಹಿಂದಿನ ಕಾರು ತಾಗಿ ನಮ್ಮ ಎಸ್ಟೀಮ್ ಎರಡು ಪಲ್ಟಿ ಹೊಡೀತು. ಧೂಳು ಬಿಟ್ಟು ಏನೂ ಕಾಣಲಿಲ್ಲ. ದೊಡ್ಡಮ್ಮನ ಕೈಯಲ್ಲಿ ಸ್ಟಾಪ್‌ವಾಚ್ ಓಡ್ತಾನೇ ಇತ್ತು, ನಿಲ್ಲಿಸೋಕೆ ಯಾರಿಗೂ ತೋಚಲಿಲ್ಲ.

ಅಣ್ಣ ಕಿಟಕಿಯಿಂದ ತಾನೇ ತೆವಳಿ ಹೊರಗೆ ಬಂದ. ರಾತ್ರಿ ಲಾಡ್ಜಲ್ಲಿ ಶರ್ಟ್ ತೆಗೆದಾಗ ನೋಡಿದೆವು, ಎರಡೂ ಭುಜದ ಮೇಲೆ ಬೆಲ್ಟಿನಷ್ಟೇ ಅಗಲದ ಕಪ್ಪು ನೀಲಿ ಪಟ್ಟಿ. ಹಳೇ ಬೆಲ್ಟೇ ಇದ್ದಿದ್ದರೂ ತಡೀತಿತ್ತೇನೋ, ಯಾರಿಗೆ ಗೊತ್ತು? ಆ ಮಾತನ್ನು ಯಾರೂ ಎತ್ತಲಿಲ್ಲ.

ಒಂದು ಸಲ ಅಪಘಾತದ ಜಗ್ಗು ತಿಂದ ಬೆಲ್ಟನ್ನು ಮತ್ತೆ ಬಳಸೋ ಹಾಗಿಲ್ಲ. ಬೇರೆ ಯಾರೂ ಎತ್ತಿಕೊಂಡು ಹಾಕಿಕೊಳ್ಳದಿರಲಿ ಅಂತ ದೊಡ್ಡಪ್ಪ ಅದನ್ನು ತಾವೇ ಕತ್ತರಿಸಿದರು, ದೊಡ್ಡಮ್ಮನ ಹೊಲಿಗೆ ಕತ್ತರಿಯಿಂದ. ಸಾರಿ, ಥ್ಯಾಂಕ್ಸು ಎಲ್ಲ ನಮ್ಮ ದೊಡ್ಡಪ್ಪನ ಬಾಯಲ್ಲಿ ಬರೋ ಪದಗಳಲ್ಲ ಬಿಡಿ. ಆದರೆ ಅವತ್ತಿನಿಂದ ಏನೇ ತಂದರೂ ಮೊದಲು "ಲೇ, ಇದರ ತಾರೀಖು ನೋಡು" ಅಂತ ಅವರ ಕೈಗೇ ಕೊಡ್ತಾರೆ.

ಬಾಡಿ ಸೊಟ್ಟಗಾಗಿದ್ದ ಎಸ್ಟೀಮ್ ಗುಜರಿಗೆ ಹೋಯ್ತು. ಶೆಡ್ಡಲ್ಲಿ ಈಗ ತೆಂಗಿನಕಾಯಿ. ಮೊನ್ನೆ ಅಣ್ಣನ ಮಗಳು "ಅಜ್ಜಿ, ನಾನು ಗೋ-ಕಾರ್ಟ್ ಕಲೀಲಾ?" ಅಂತ ಕೇಳಿದಳು. ದೊಡ್ಡಮ್ಮ ಬೇಡ ಅನ್ನಲಿಲ್ಲ. "ಹೆಲ್ಮೆಟ್ ತಗೊಂಡು ಬಾ, ನೋಡೋಣ" ಅಂದರು, ಕನ್ನಡಕ ಹುಡುಕ್ತಾ.

ನಿಮ್ಮ ಮನೇಲೂ ಹೀಗೆ ತಾರೀಖು ನೋಡೋರು ಒಬ್ಬರು ಇರ್ತಾರೆ ಅಲ್ವಾ? ಮುಂದಿನ ಸಲ ರೇಗೋಕೆ ಮುಂಚೆ ಒಂದು ನಿಮಿಷ ಯೋಚನೆ ಮಾಡಿ.