ಹತ್ತು ಪೌಂಡಿನ ಗಂಟು

ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯಲ್ಲಿ ಒಂಬತ್ತು ಸಾಲುಗಳಿದ್ದವು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನ ಕೈಗೆ ಚೀಟಿ ಸಿಕ್ಕರೆ ಮನಸ್ಸಿನಲ್ಲೇ ಓದಿಕೊಳ್ಳುವುದುಂಟೆ? ಪಡಸಾಲೆಯಲ್ಲಿ ನಿಂತು ಮನೆಮಂದಿಗೆಲ್ಲ ಕೇಳುವಂತೆ ಓದಿದೆ. ಮುಂದೆ ಗುಂಡಿಯಿರುವ ಅಂಗಿ ನಾಲ್ಕು, ಹಳೆಯ ಮೆತ್ತನೆ ಬಟ್ಟೆ ಹನ್ನೆರಡು, ತಾಯಿ ಕಾರ್ಡು, ರೇಷನ್ ಕಾರ್ಡು, ಆಧಾರ್ ಜೆರಾಕ್ಸ್ ಎರಡೆರಡು... ಏಳನೆಯ ಸಾಲಿಗೆ ಬಂದಾಗ ಮುಗ್ಗರಿಸಿದೆ. ‘ಪಾಲಾಡೈ – 1’ ಎಂದಿತ್ತು.

“ಅದೇನಪ್ಪಾ?” ಎಂದಳು ಮಗಳು. ನನಗೂ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡು ಅಭ್ಯಾಸವೂ ಇರಲಿಲ್ಲ. “ಶಿರಾದಲ್ಲಿ ಸಿಗುತ್ತೆ ಬಿಡು” ಎಂದು ಎಂಟನೆಯ ಸಾಲಿಗೆ ಹಾರಿದೆ.

ಆ ಪಾಲಾಡೈ ಸದ್ಯಕ್ಕೆ ಅಲ್ಲೇ ಇರಲಿ. ಮೊಮ್ಮಗಳು ಹುಟ್ಟಿದ್ದು 2024ರ ಮಾರ್ಚಿನಲ್ಲಿ. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಒಳಗೆ ಅಂಗುಳವೂ ಕೂಡಿರಲಿಲ್ಲ. ಲೋಕದಲ್ಲಿ ಸುಮಾರು 700 ಹೆರಿಗೆಗೆ ಒಂದರಂತೆ ಹೀಗಾಗುತ್ತದೆ. ಆದರೆ ಪಟ್ಟನಾಯಕನಹಳ್ಳಿಯ ನಮ್ಮ ಬೀದಿಗೆ ಇದು ಹೊಸದು. ನೋಡಲು ಬಂದವರು ಮಗುವಿನ ಮುಖ ನೋಡಿ, ಮಗಳ ಮುಖ ನೋಡಿ, ಕೊನೆಗೆ ಸೂರು ನೋಡುತ್ತ ಒಂದೇ ಮಾತು ಕೇಳುತ್ತಿದ್ದರು: “ಗ್ರಹಣದಾಗೆ ಏನಾರ ಹೆಚ್ಚಿದ್ಯೇನವ್ವಾ?”

ಹಿಂದಿನ ಅಕ್ಟೋಬರ್ 28ರ ರಾತ್ರಿ ಚಂದ್ರಗ್ರಹಣ ಆಗಿದ್ದು ನಿಜ. ಪಂಚಾಂಗ ತೆಗೆದು ನೋಡಿದೆ. ಹಿಡಿದದ್ದು ನಡುರಾತ್ರಿ ಕಳೆದು 1 ಗಂಟೆ 5 ನಿಮಿಷಕ್ಕೆ, ಎರಡೂವರೆಯೊಳಗೆ ಬಿಟ್ಟಿತ್ತು. ಆ ಹೊತ್ತಿನಲ್ಲಿ ಎದ್ದು ಕೂತು ಬದನೆಕಾಯಿ ಹೆಚ್ಚುವ ಹೆಂಗಸು ಶಿರಾ ತಾಲ್ಲೂಕಿನಲ್ಲಿ ಯಾರಿದ್ದಾರೆ? ಅದೂ ಅಲ್ಲದೆ, ಹೊಟ್ಟೆಯೊಳಗಿನ ಕೂಸಿಗೆ ತುಟಿ ಕೂಡಿಕೊಳ್ಳುವುದು ಏಳನೆಯ ವಾರದ ಹೊತ್ತಿಗೆ, ಅಂಗುಳ ಹನ್ನೆರಡನೆಯ ವಾರದ ಹೊತ್ತಿಗೆ. ಗ್ರಹಣದ ದಿನ ಮಗಳಿಗೆ ಐದು ತಿಂಗಳು ತುಂಬುತ್ತ ಬಂದಿತ್ತು. ಚಂದ್ರ ಬಂದದ್ದು ತಡವಾಗಿ. ಅವನ ಮೇಲೆ ಕೇಸು ನಿಲ್ಲುವುದಿಲ್ಲ. ಇದನ್ನು ಬಂದವರಿಗೆಲ್ಲ ಬೆರಳು ಮಡಿಸಿ ಲೆಕ್ಕ ತೋರಿಸಿದೆ. “ಮೇಷ್ಟ್ರು ಹೇಳೋದು ಸರೀನೆ” ಎಂದು ತಲೆಯಾಡಿಸಿದರು. ಹೊರಡುವಾಗ ಹೊಸಿಲ ಬಳಿ ನಿಂತು ಮಗಳ ಕಿವಿಯಲ್ಲಿ, “ಮುಂದಿನ ಸಲ ಗ್ರಹಣದಾಗೆ ಒಳಗೇ ಇರವ್ವ” ಎಂದು ಹೇಳಿ ಹೋದರು.

ಬೆಂಗಳೂರಿನ ಡಾಕ್ಟರು ಗ್ರಹಣದ ಮಾತೆತ್ತಲಿಲ್ಲ. ಮೂರು ಹತ್ತು ಹೇಳಿದರು. ಹತ್ತು ವಾರ ತುಂಬಬೇಕು, ಹತ್ತು ಪೌಂಡು ತೂಗಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು ಗ್ರಾಂ ಇರಬೇಕು. ಆಮೇಲೆ ತುಟಿಯ ಆಪರೇಷನ್ನು. 1966ರಿಂದಲೂ ಸರ್ಜನ್ನರ ಬಾಯಲ್ಲಿರುವ ಸೂತ್ರವಂತೆ. ಬಾಯಿಪಾಠಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನನಗೆ ಮೊದಲು ಖುಷಿಯೇ ಆಯಿತು. ವಾರವೇನೋ ತಾನಾಗಿ ಬರುತ್ತದೆ. ಪೌಂಡು ಹಾಗೆ ಬರುವುದಿಲ್ಲವಲ್ಲ. ಹತ್ತು ಪೌಂಡು ಎಂದರೆ ನಾಲ್ಕೂವರೆ ಕೆಜಿ. ಅಂಗುಳ ಸೀಳಿದ ಕೂಸಿಗೆ ಮೊಲೆ ಚೀಪುವ ಬಿಗಿ ಸಿಗುವುದಿಲ್ಲ, ಕುಡಿದದ್ದು ಮೂಗಿನಲ್ಲಿ ಬರುತ್ತದೆ. ಮಗಳು ಹಾಲು ಹಿಂಡಿ ಚಮಚದಲ್ಲಿ ಕುಡಿಸುತ್ತಿದ್ದಳು. ಒಂದು ಸಲ ಕುಡಿಸಿ ಮುಗಿಸುವಷ್ಟರಲ್ಲಿ ಮುಂದಿನದಕ್ಕೆ ಹೊತ್ತಾಗಿರುತ್ತಿತ್ತು. ನಾನು ಗೋಡೆ ಗಡಿಯಾರ ನೋಡುವುದನ್ನೇ ಬಿಟ್ಟೆ.

ತೂಕ ನೋಡುವುದು ಅಂಗನವಾಡಿಯಲ್ಲಿ. ಅಲ್ಲಿಯ ತಕ್ಕಡಿ ನೇತುಹಾಕುವಂಥದ್ದು. ಮಗುವನ್ನು ಚಡ್ಡಿಯಂಥ ಜೋಳಿಗೆಯಲ್ಲಿ ಇಳಿಬಿಡಬೇಕು. ಅದು ಅತ್ತು ಕಾಲು ಝಾಡಿಸಿದರೆ ಮುಳ್ಳು ಕುಣಿಯುತ್ತದೆ. ನಮ್ಮ ಕಡೆ ಕಡಲೇಕಾಯಿ ಬೆಳೆದವರಿಗೆ ತಕ್ಕಡಿಯ ಮುಳ್ಳೆಂದರೆ ಹುಟ್ಟಾ ಗುಮಾನಿ. ಮಗು ಸುಮ್ಮನಾಗಲಿ, ಮುಳ್ಳು ನಿಲ್ಲಲಿ ಎಂದು ನಾನು ಪಟ್ಟು ಹಿಡಿದು ಟೀಚರ್ ಕೈಲಿ ಬೈಸಿಕೊಂಡದ್ದೂ ಉಂಟು. ಎಂಬತ್ತೇಳರ ನಮ್ಮವ್ವನಿಗೆ ತಕ್ಕಡಿಯೇ ಬೇಡ. ಮೊಮ್ಮಗಳ ಮಗಳನ್ನು ಎರಡೂ ಕೈಯಲ್ಲಿ ಎತ್ತಿ, “ನಾಕು ಸೇರು ರಾಗಿ ಎತ್ತಿದಂಗೈತೆ ಕಣ್ಲಾ” ಎನ್ನುತ್ತಿದ್ದಳು. ಆಸ್ಪತ್ರೆಗೆ ಚೀಲ ತುಂಬುವುದು ಎಂದು ಎಲ್ಲರೂ ಅಂದರು. ನಾಲ್ಕು ತಿಂಗಳು ನಾವು ಹನಿಹನಿಯಾಗಿ ತುಂಬಿದ್ದು ಈ ಗಂಟನ್ನು. ಜುಲೈ ಮೊದಲ ವಾರ ಮುಳ್ಳು ನಾಲ್ಕು ಕೆಜಿ ಆರುನೂರರಲ್ಲಿ ನಿಂತಿತು.

ದಿನ ಗೊತ್ತಾದದ್ದು ಒಂದು ಸೋಮವಾರ, ಬೆಳಿಗ್ಗೆ ಎಂಟಕ್ಕೆ. ನನ್ನ ಹೆಂಡತಿ ತಕರಾರು ತೆಗೆದಳು. “ಆಷಾಢ ಕಣ್ರೀ. ಸಾಲದ್ದಕ್ಕೆ ಏಳೂವರೆಗೆ ರಾಹುಕಾಲ ಕೂತ್ಕೊಳುತ್ತೆ.” ಆಷಾಢದಲ್ಲಿ ಮಾಡಬಾರದ್ದು ಶುಭಕಾರ್ಯ, ಆಪರೇಷನ್ನು ಯಾವಾಗ ಶುಭಕಾರ್ಯವಾಯಿತು ಎಂದು ಕೇಳಿದೆ. ಅವಳು ತುಸು ಯೋಚಿಸಿ, ರಾಹುಕಾಲಕ್ಕೆ ಮೊದಲೇ ಆಸ್ಪತ್ರೆಯ ಬಾಗಿಲು ದಾಟಿದರೆ ಆಯಿತು ಎಂದು ರಾಜಿಗೆ ಬಂದಳು. ಅಂದರೆ ನಡುರಾತ್ರಿ ಮೂರಕ್ಕೆ ಮನೆ ಬಿಡಬೇಕು.

ಇನ್ನು ಚೀಲ. ನಾಮಕರಣಕ್ಕೆ ಬಂದ ಅಂಗಿಗಳು ಹದಿನಾಲ್ಕು. ಹದಿನಾಲ್ಕೂ ತಲೆಯ ಮೇಲಿಂದ ತೊಡಿಸುವಂಥವು. ತುಟಿಗೆ ಹೊಲಿಗೆ ಹಾಕಿದ ಮೇಲೆ ಮುಖಕ್ಕೆ ಬಟ್ಟೆ ಉಜ್ಜುವಂತಿಲ್ಲ. ನನ್ನ ಎರಡು ಹಳೆಯ ಪಂಚೆ ಹೋದವು: ಒಂದು ಮುಂದೆ ತೆರೆಯುವ ಅಂಗಿಗೆ, ಇನ್ನೊಂದು ಒರೆಸುವ ಬಟ್ಟೆಗೆ. ಅಳಿಯ ಡೈಪರ್ ಪೊಟ್ಟಣ ತಂದ. ಹೆಂಡತಿ ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಹುರಿದ ಕಡಲೇಬೀಜ, ಜತೆಗೆ ಮುದ್ದೆ ತೊಳಸುವ ಕೋಲೊಂದನ್ನು ತೂರಿಸಿದಳು. ವಾರ್ಡಿನಲ್ಲಿ ಒಲೆ ಎಲ್ಲಿ ಎಂದು ಕೇಳಿದರೆ, “ಕೋಲು ಇದ್ರೆ ಒಲೆ ಹೆಂಗೋ ಆಗುತ್ತೆ” ಎಂದಳು. ಗುರುಗುಂಡ ಬ್ರಹ್ಮೇಶ್ವರ ಸ್ವಾಮಿಗೆ ಮುಡುಪು ಕಟ್ಟಿದ ಹಳದಿ ಬಟ್ಟೆಯ ಗಂಟು ಮಾತ್ರ ಚೀಲಕ್ಕೆ ಹೋಗದೆ ದೇವರ ಗೂಡಿನಲ್ಲೇ ಉಳಿಯಿತು.

ಪಕ್ಕದ ಮನೆಯಾಕೆ ತನ್ನ ಮಡಿಲು ಕಿಟ್ಟಿನ ಸೊಳ್ಳೆಪರದೆ ತಂದುಕೊಟ್ಟಳು. ಬಡ ಬಾಣಂತಿಯರಿಗೆಂದು 2007ರಲ್ಲಿ ನಮ್ಮ ಸರ್ಕಾರ ಶುರುಮಾಡಿದ ಆ ಕಿಟ್ಟಿನಲ್ಲಿ 19 ಸಾಮಾನು ಇರುತ್ತಿದ್ದವು. ಫಿನ್‌ಲ್ಯಾಂಡಿನಲ್ಲಿ 1938ರಿಂದಲೂ ತಾಯಂದಿರಿಗೆ ಸರ್ಕಾರವೇ ರಟ್ಟಿನ ಪೆಟ್ಟಿಗೆಯಲ್ಲಿ ಕೂಸಿನ ಬಟ್ಟೆಬರೆ ಕೊಡುತ್ತದೆ. ಆ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸುವವರೂ ಇದ್ದಾರೆ. ಅವರದು ಒಳ್ಳೆಯ ಪೆಟ್ಟಿಗೆ, ಒಪ್ಪುತ್ತೇನೆ. ಆದರೆ ಕಿಟ್ಟಿಗೆ ‘ಮಡಿಲು’ ಎಂದು ಹೆಸರಿಡಲು ಹೊಳೆದ ನಮ್ಮ ಕಚೇರಿಯ ಯಾರೋ ಗುಮಾಸ್ತರಿಗೆ ನನ್ನ ನಮಸ್ಕಾರ.

ಪಾಲಾಡೈ ಮಾತ್ರ ಸಿಗಲಿಲ್ಲ. ಶಿರಾದಲ್ಲಿ ಮೂರು ಅಂಗಡಿ ಕೇಳಿ ಬರಿಗೈಯಲ್ಲಿ ಬಂದೆ. ಹೊರಡುವ ಮುನ್ನಾದಿನ ಅಳಿಯ ಮೊಬೈಲಿನಲ್ಲಿ ಅದರ ಚಿತ್ರ ಹುಡುಕಿ ತೆಗೆದ: ಅಂಗೈಯಷ್ಟು ಸ್ಟೀಲಿನ ಬಟ್ಟಲು, ಒಂದು ಕಡೆ ಕೊಕ್ಕಿನಂತೆ ಚಾಚಿದ ಬಾಯಿ. ಅವ್ವ ಮೊಬೈಲನ್ನು ಕಣ್ಣಿಗೆ ಮುಟ್ಟುವಷ್ಟು ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಒಳಲೆ ಅಲ್ಲೇನ್ಲಾ ಇದು? ಹುಟ್ಟಿದ ದಿನದಿಂದ ಬಡ್ಕಂತಿದೀನಿ, ಒಳಲೇಲಿ ಕುಡಿಸ್ರೋ ಅಂತ.”

ಬಡಕೊಂಡದ್ದು ನಿಜ. ಹಳೆಯ ಕಾಲದ ಪಾತ್ರೆ, ಶುಚಿಯಲ್ಲ ಎಂದು ಬಾಯಿ ಮುಚ್ಚಿಸಿದವನು ನಾನೇ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಕನ್ನಡ ಮೇಷ್ಟರಾಗಿ ಆ ಪದವನ್ನು ನಾನು ಬಿಡಿಸಬಹುದಿತ್ತು. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು, ತಮಿಳಿನಲ್ಲಿ ಹಾಗೇ ಉಳಿಯಿತು ಎಂದು ಎಷ್ಟು ತರಗತಿಗಳಿಗೆ ಬೋರ್ಡಿನ ಮೇಲೆ ಬರೆದಿದ್ದೇನೋ! ಬೋರ್ಡಿನ ಮೇಲಿನ ಪಾಲು ಚೀಟಿಯಲ್ಲಿ ಕಂಡಾಗ ಗುರುತು ಸಿಗಲಿಲ್ಲ.

ಏಣಿ ಹಾಕಿ ಅಟ್ಟ ಹತ್ತಿದೆ. ಕಂಚಿನ ತಪ್ಪಲೆಯೊಳಗೆ, ಸೀರೆಯ ಚೂರಿನಲ್ಲಿ ಸುತ್ತಿಟ್ಟಿತ್ತು. ಅವ್ವನ ತವರಿನವರು ನನಗೆಂದು ಕೊಟ್ಟ ಬೆಳ್ಳಿಯ ಒಳಲೆ, ಕಾಡಿಗೆಯಂತೆ ಕಪ್ಪಾಗಿತ್ತು. ಅವ್ವ ಬಾಗಿಲ ಬೆಳಕಿಗೆ ಕೂತು ವಿಭೂತಿ ಹಚ್ಚಿ ತಿಕ್ಕಿದಳು. ಮಗಳು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟಳು. ಆ ರಾತ್ರಿ ಮೊದಲ ಸಲ ಅದರಲ್ಲಿ ಹಾಲು ಹಾಕಿ, ಕೊಕ್ಕನ್ನು ಕೆನ್ನೆಯ ಒಳಬದಿಗೆ ಇಟ್ಟು, ಅವ್ವ ಹೇಳಿದಂತೆ ತುಸುವೇ ಓರೆ ಮಾಡಿದಳು. ಚಮಚದಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಮಗಳು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಜಾಸ್ತಿಯಾಯಿತು.

ಮೂರಕ್ಕೆ ಹೊರಟೆವು. ಶಿರಾ, ಕಳ್ಳಂಬೆಳ್ಳ, ತುಮಕೂರು, ದಾಬಸ್‌ಪೇಟೆ. ಹೆದ್ದಾರಿಯಲ್ಲಿ ಲಾರಿಗಳು, ನಾವು. ಆಪರೇಷನ್ನಿಗೆ ನಾಲ್ಕು ಗಂಟೆ ಮೊದಲಿನಿಂದ ತಾಯಿಹಾಲೂ ಇಲ್ಲ. ಆ ನಾಲ್ಕು ಗಂಟೆಗೆ ಬೇಕಾದದ್ದು ನಮ್ಮ ಎರಡು ಚೀಲ, ಒಂದು ಬುಟ್ಟಿಯಲ್ಲಿ ಒಂದೂ ಇರಲಿಲ್ಲ. ಗಿಲಕಿ ಆಡಿಸಿದರೆ ಇನ್ನೂ ಜೋರಾಗಿ ಅತ್ತಳು. ಮಗಳು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ವರಾಂಡದ ಉದ್ದಕ್ಕೂ ನಡೆದಳು, ಅಳಿಯ ನಡೆದ, ನಾನು ನಡೆದೆ. ಒಳಗೆ ಬಿಡುವುದು ಒಬ್ಬರನ್ನೇ ಎಂದಮೇಲೆ ಮುದ್ದೆ ಕೋಲಿನ ಸಮೇತ ಮುಕ್ಕಾಲು ಪಾಲು ಸಾಮಾನು ನನ್ನ ಕಾಲಬುಡದಲ್ಲೇ ಉಳಿಯಿತು. ಮಗಳು ಒಳಗೆ ಒಯ್ದದ್ದು ಪಂಚೆಯ ಅಂಗಿಗಳು, ಬಟ್ಟೆ, ಕಡತ, ಒಳಲೆ.

ನಾಲ್ಕನೆಯ ದಿನ ಮನೆಗೆ ಬಂದೆವು. ಗಾಯ ಕೆದರದಂತೆ ಮಗುವಿನ ಮೊಣಕೈಗಳಿಗೆ ಪಟ್ಟಿ ಕಟ್ಟಿದ್ದರು; ತೋಳು ಚಾಚಿಕೊಂಡೇ ಇತ್ತು, ಯಾರನ್ನು ಕಂಡರೂ ಎತ್ತಿಕೋ ಎನ್ನುವ ಹಾಗೆ. ಅವ್ವ ತುಟಿಯನ್ನು ಬಹಳ ಹೊತ್ತು ನೋಡಿದಳು. ಚೀಲ ಬಿಚ್ಚಿ, ಒಳಲೆಯನ್ನು ಒರೆಸಿ, ಮತ್ತೆ ಅಟ್ಟಕ್ಕೆ ಇಡೋಣವೆಂದು ನಾನು ಏಣಿ ತಂದೆ.

“ಅಂಗುಳದ್ದು ಯಾವಾಗಂತೆ?” ಎಂದಳು.

“ವರ್ಷ ತುಂಬಿದ ಮೇಲೆ.”

“ಮತ್ತೆ ಏಣಿ ಯಾಕ್ಲಾ? ನಾಗಂದಿಗೆ ಮೇಲಿಡು.”