ಬರಿದಾಗಿ ಮರಳದ ತಟ್ಟೆ

ಮಂಗಳೂರಿನಲ್ಲಿ ಚಳಿಗಾಲ ಎಂಬುದು ಹೆಸರಿಗೆ ಮಾತ್ರ. ಡಿಸೆಂಬರಿನ ಬೆಳಗಿನ ಜಾವ ಒಂದಿಷ್ಟು ಮಂಜು ಕಂಡರೆ ಅದೇ ದೊಡ್ಡದು. ಒಂಬತ್ತು ಗಂಟೆಗೆಲ್ಲ ಮತ್ತೆ ಬೆವರು. ಆದರೂ ಕಣ್ಣು ಮುಚ್ಚಿಕೊಂಡು ನಡೆದರೂ ಇಲ್ಲಿ ಡಿಸೆಂಬರ್ ಬಂದದ್ದು ತಿಳಿಯುತ್ತದೆ. ಬೆಂದೂರು, ಬಿಜೈ, ಕಂಕನಾಡಿ, ಜೆಪ್ಪು ಕಡೆಯ ಓಣಿಗಳಲ್ಲಿ ಸಂಜೆ ಹೊತ್ತು ಸುಮ್ಮನೆ ಹೋಗಿ ನೋಡಿ. ಹುರಿದ ಎಳ್ಳಿನ ಪರಿಮಳ, ಏಲಕ್ಕಿಯ ಪರಿಮಳ, ತೆಂಗಿನ ಹಾಲಿನಲ್ಲಿ ಕಲಸಿದ ಹಿಟ್ಟು ಎಣ್ಣೆಯಲ್ಲಿ ಕೆಂಪಾಗುವ ಪರಿಮಳ, ಒಂದರ ಹಿಂದೊಂದು ಗೇಟು ದಾಟಿ ಬರುತ್ತವೆ. ಮನೆಮನೆಯ ಮುಂದೆ ನಕ್ಷತ್ರದ ಗೂಡುದೀಪ ತೂಗುತ್ತದೆ. ಮಕ್ಕಳು ಗೋದಲಿಗೆ ಹಸಿರು ಬೇಕೆಂದು ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತಿ, ಮೊಳಕೆ ಬಂತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಇಣುಕುತ್ತಾರೆ.

ಆ ಪರಿಮಳದ ಹೆಸರು ಕುಸ್ವಾರ್. ಇದು ಒಂದೇ ತಿಂಡಿಯ ಹೆಸರಲ್ಲ. ಕ್ರಿಸ್ಮಸ್‌ಗಾಗಿ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮಾಡುವ ಹತ್ತಾರು ಬಗೆಯ ತಿಂಡಿಗಳ ಇಡೀ ಬಳಗಕ್ಕೆ ಈ ಹೆಸರು.

ನಾನು ಬಯಲುಸೀಮೆಯವನು. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದೆ. 1982ರಲ್ಲಿ ಮಂಗಳೂರಿಗೆ ವರ್ಗವಾಯಿತು. ಬ್ಯಾಂಕಿನವನಿಗೆ ಈ ಊರು ತವರುಮನೆ ಇದ್ದಂತೆ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇಲ್ಲಿಯೇ. ಬೆಂದೂರಿನಲ್ಲಿ ಹೆಂಚಿನ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಪಕ್ಕದ ಮನೆಯ ಯಜಮಾನಿಯನ್ನು ಓಣಿಯವರೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಮೊದಲ ಕ್ರಿಸ್ಮಸ್‌ನ ಬೆಳಿಗ್ಗೆ ಅವರ ಮಗ ಕಸೂತಿ ಬಟ್ಟೆ ಮುಚ್ಚಿದ ದೊಡ್ಡ ತಟ್ಟೆಯೊಂದನ್ನು ತಂದು ನಮ್ಮ ಜಗಲಿಯ ಮೇಲಿಟ್ಟು ಓಡಿಹೋದ.

ಬಟ್ಟೆ ತೆಗೆದರೆ ಒಳಗೊಂದು ಜಾತ್ರೆ! ಅರ್ಧಚಂದ್ರದ ಆಕಾರದ ನೆವ್ರಿ. ಅದರ ಹೊಟ್ಟೆಯಲ್ಲಿ ಎಳ್ಳು, ಕೊಬ್ಬರಿ, ಸಕ್ಕರೆ, ಗೋಡಂಬಿ. ಇದು ನಮ್ಮ ಕರ್ಜಿಕಾಯಿಯ ಸ್ವಂತ ತಂಗಿ. ಸಕ್ಕರೆ ಪಾಕ ಹೊದ್ದ ಕಿಡಿಯೊ. ಗೋಲಿಯಂಥ ಗುಳಿಯೊ. ವಜ್ರದ ಆಕಾರಕ್ಕೆ ಕತ್ತರಿಸಿ ಕರಿದ ತುಕ್ಡಿ. ಎಳ್ಳುಂಡೆ, ಚಕ್ಕುಲಿ. ನಡುವೆ ಅರಳಿದ ಹೂವಿನಂಥ ಕೊಕಿಸಾಂ. ಒಂದು ಮೂಲೆಯಲ್ಲಿ ಬಾಯಲ್ಲಿಟ್ಟರೆ ಪುಡಿಯಾಗುವ ನಾನ್‌ಕಟಾಯಿ, ಒಂದು ತುಂಡು ಕೇಕು. ಚಕ್ಕುಲಿ ನೋಡಿ ನನ್ನ ತಾಯಿ ನಕ್ಕರು. "ಗೋಕುಲಾಷ್ಟಮಿಗೆ ನಾವು ಮಾಡಿದ್ದೇ ವಾಪಸ್ಸು ಬಂತೇನೋ!" ಎಂದರು.

ಮಕ್ಕಳೇ, ಇವುಗಳಲ್ಲಿ ನಿಮಗೆ ಹೆಚ್ಚು ಹಿಡಿಸುವುದು ಕಿಡಿಯೊ ಇರಬೇಕು. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳಗಳು! ಹಿಟ್ಟಿನ ಚಿಕ್ಕ ಗೋಲಿಯನ್ನು ಮುಳ್ಳುಚಮಚದ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಬೆರಳಿನಿಂದ ಸುರುಳಿ ಸುತ್ತಿದರೆ ಮೈಮೇಲೆ ಗೀರು ಮೂಡಿ ಥೇಟ್ ಮುದುಡಿದ ಹುಳದಂತೆ ಕಾಣುತ್ತದೆ. ಗೀರು ಬರೀ ಚೆಂದಕ್ಕಲ್ಲ, ಪಾಕ ಹಿಡಿದು ನಿಲ್ಲುವುದು ಅದರಲ್ಲಿಯೇ.

ಕೊಕಿಸಾಂ ಮಾಡುವುದು ನೋಡುವುದೇ ಒಂದು ಮೋಜು. ಉದ್ದ ಹಿಡಿಯ ತುದಿಗೆ ಹೂವಿನ ಆಕಾರದ ಲೋಹದ ಅಚ್ಚು. ಅದನ್ನು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು. ಆಮೇಲೆ ಹಿಟ್ಟಿನಲ್ಲಿ ಅದ್ದಬೇಕು. ಮತ್ತೆ ಎಣ್ಣೆಗಿಳಿಸಿ ಅಲುಗಾಡಿಸಿದರೆ ಹೂವು ಕಳಚಿಕೊಂಡು ತೇಲುತ್ತದೆ. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಮುಕ್ಕಾಲು ಭಾಗ ಅದ್ದುವ ಬದಲು ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಿನಿಂದಲೂ ಕಚ್ಚಿಕೊಂಡು ಹೂವು ಬಿಡುವುದೇ ಇಲ್ಲ. ಓವನ್ ಇಲ್ಲದ ಆ ದಿನಗಳಲ್ಲಿ ನಾನ್‌ಕಟಾಯಿ ಬೇಯಿಸುವ ಉಪಾಯವೂ ಚೆನ್ನಾಗಿತ್ತು: ದಪ್ಪ ತಳದ ಪಾತ್ರೆ, ಕೆಳಗೆ ಕೆಂಡ, ಮುಚ್ಚಳದ ಮೇಲೂ ತೆಂಗಿನ ಚಿಪ್ಪಿನ ಕೆಂಡ. ಮೇಲೂ ಕೆಳಗೂ ಶಾಖ ಸಮನಾಗಿ ತಗಲಿದರೆ ಬಿಸ್ಕತ್ತು ತಾನಾಗಿ ಬಿರಿಯುತ್ತದೆ.

ಆ ತಟ್ಟೆಯ ಒಂದು ಗುಟ್ಟು ನಮಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಕೊಕಿಸಾಂ ಹಿಟ್ಟಿಗೆ ಮೊಟ್ಟೆ ಹಾಕುವುದು ವಾಡಿಕೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಆ ವಿಷಯ ನಾವು ಯಾರಿಗೂ ಹೇಳಿರಲಿಲ್ಲ. ಆದರೆ ಬಾಯಮ್ಮ ನಾವು ಬಂದ ಮೊದಲ ವಾರದಲ್ಲೇ ಹಾಲಿನವನ ಹತ್ತಿರ ವಿಚಾರಿಸಿಕೊಂಡಿದ್ದರಂತೆ. ಪ್ರತಿ ವರ್ಷ ಎಲ್ಲಕ್ಕಿಂತ ಮೊದಲು, ಹೊಸ ಎಣ್ಣೆಯಲ್ಲಿ, ಮೊಟ್ಟೆಯಿಲ್ಲದ ಹಿಟ್ಟಿನಿಂದ ನಮ್ಮ ಪಾಲು ಕರಿದು ಬೇರೆ ಡಬ್ಬದಲ್ಲಿ ತೆಗೆದಿಡುತ್ತಿದ್ದರು. ಕೇಕೂ ಮೊಟ್ಟೆ ಹಾಕದ್ದೇ. ಆಮೇಲೆ ಅವರ ಮನೆಯದು. ನಮ್ಮ ತಾಯಿಗೆ ಹಲ್ಲು ಹೋದ ವರ್ಷದಿಂದ ತಟ್ಟೆಯಲ್ಲಿ ಗಟ್ಟಿ ಗುಳಿಯೊ ಕಡಿಮೆಯಾಗಿ ನಾನ್‌ಕಟಾಯಿ ಜಾಸ್ತಿಯಾಯಿತು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಎರಡೂ ಮನೆಯಲ್ಲಿರಲಿಲ್ಲ. ಸಂಕ್ರಾಂತಿಗೆ ಅದೇ ತಟ್ಟೆಯಲ್ಲಿ ಎಳ್ಳು ಬೆಲ್ಲ ಹೋಯಿತು. ಅಲ್ಲಿಂದ ಈಸ್ಟರ್ ಹೊತ್ತಿಗೆ ಏನೋ ಬಂತು. ಯುಗಾದಿಗೆ ಒಬ್ಬಟ್ಟು ಹೋಯಿತು, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹಲಸಿನ ಹಣ್ಣಿನ ಹಪ್ಪಳ ಬಂತು, ದೀಪಾವಳಿಗೆ ಕಜ್ಜಾಯ ಹೋಯಿತು. ಬ್ಯಾಂಕಿನಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ದಿನದ ಕೊನೆಗೆ ಜಮಾ ಖರ್ಚು ಒಂದು ಪೈಸೆ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಲೆಡ್ಜರಿಗೆ ಕಣ್ಣು ನೆಟ್ಟು ಕೂರಬೇಕು. ಮನೆಗೆ ಬಂದರೆ ಈ ತಟ್ಟೆಯ ಲೆಕ್ಕ! ಇದು ತಾಳೆಯಾದದ್ದನ್ನು ನಾನು ನೋಡಲೇ ಇಲ್ಲ. ಯಾವಾಗಲೂ ಒಬ್ಬರು ಇನ್ನೊಬ್ಬರಿಗೆ ಬಾಕಿ. ನಿಧಾನವಾಗಿ ಅರ್ಥವಾಯಿತು, ಈ ಖಾತೆ ತಾಳೆಯಾಗಕೂಡದು. ತಾಳೆಯಾದರೆ ಖಾತೆ ಮುಗಿಯಿತು, ಮುಚ್ಚಬಹುದು ಎಂದು ಅರ್ಥ. ಬಾಕಿ ಉಳಿದರೆ ತಾನೇ ಮತ್ತೆ ಬಾಗಿಲು ತಟ್ಟುವುದು?

ನಿವೃತ್ತಿಯಾದ ಮೇಲೂ ನಾವು ಊರಿಗೆ ಹೋಗಲಿಲ್ಲ. ಓಣಿ ಬದಲಾಯಿತು. ಹೆಂಚಿನ ಮನೆಗಳಿದ್ದಲ್ಲಿ ಏಳಂತಸ್ತಿನ ಕಟ್ಟಡಗಳು ಬಂದವು. ಬಾಯಮ್ಮನ ಮಗ ದುಬೈಗೆ, ಮಗಳು ಕೆನಡಾಕ್ಕೆ ಹೋದರು. ಕುಸ್ವಾರ್ ಒಬ್ಬರಿಂದ ಆಗುವ ಕೆಲಸವಲ್ಲ; ಸಾವಿರ ಕಿಡಿಯೊ ಸುತ್ತಲು ಹತ್ತು ಕೈ ಬೇಕು. ಬಾಯಮ್ಮನಿಗೆ ಎಂಬತ್ತು ದಾಟಿತು, ಬೆರಳುಗಳು ನಡುಗತೊಡಗಿದವು, ಕಣ್ಣು ಮಂಜಾಯಿತು. ಹೋದ ನವೆಂಬರಿನಲ್ಲಿ ಗೇಟಿನ ಬಳಿ ನಿಂತು ಹೇಳಿದರು: "ಈ ವರ್ಷ ನಿಮಗೆ ಅಂಗಡಿಯದ್ದೇ ಕೊಡುತ್ತೇನೆ ಆಯ್ತಾ? ಬೇಜಾರು ಮಾಡ್ಬೇಡಿ."

ಅಂಗಡಿಯದು ಕೆಟ್ಟದೆಂದು ನಾನು ಹೇಳಲಾರೆ. ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರಿನಲ್ಲಿ ಕುಸ್ವಾರ್ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ, ರುಚಿಯೂ ಚೆನ್ನಾಗಿರುತ್ತದೆ. ಎಷ್ಟೋ ಹೆಂಗಸರು ಮನೆಯಲ್ಲೇ ಮಾಡಿ ಮಾರಿ ನಾಲ್ಕು ಕಾಸು ಸಂಪಾದಿಸುತ್ತಾರೆ. ದೂರದೂರಿನ ಮಕ್ಕಳಿಗೆ ಆ ಪೆಟ್ಟಿಗೆಯೇ ತಾಯಿಮನೆ. ಆದರೆ ಪಕ್ಕದ ಮನೆಯಲ್ಲಿ ಯಾರಿಗೆ ಹಲ್ಲಿಲ್ಲ, ಯಾರು ಮೊಟ್ಟೆ ಮುಟ್ಟುವುದಿಲ್ಲ ಎಂಬುದು ಪೆಟ್ಟಿಗೆಗೆ ಹೇಗೆ ತಿಳಿಯಬೇಕು?

ಈ ಮಾತು ನಮ್ಮ ಮನೆಯ ಊಟದ ಹೊತ್ತಿಗೆ ಬಂದಾಗ ಆರನೆಯ ತರಗತಿಯ ಮೊಮ್ಮಗಳು ಕೇಳಿದಳು: "ಕೈ ತಾನೇ ಬೇಕಾಗಿರುವುದು? ನಮ್ಮ ಬಿಲ್ಡಿಂಗಿನಲ್ಲಿ ಎಷ್ಟೊಂದು ಕೈ ಇದೆಯಲ್ಲ ಅಜ್ಜ?" ಡಿಸೆಂಬರಿನ ಮೂರನೆಯ ಭಾನುವಾರ ಆರು ಮಕ್ಕಳು ಬಾಯಮ್ಮನ ಮನೆಯ ನೆಲದ ಮೇಲೆ ಹಳೆ ಸೀರೆ ಹಾಸಿ ಕುಳಿತರು. ಎಣ್ಣೆಯ ಬಾಣಲೆಯ ಹೊಣೆ ನನ್ನ ಹೆಂಡತಿಯದು. ಬಾಯಮ್ಮ ಕುರ್ಚಿಯಲ್ಲಿ ಕುಳಿತು ಆಜ್ಞೆ ಮಾಡುವವರು.

ಅಳತೆ ನೋಡಲು ಅವರ ಹಳೆಯ ನೋಟ್‌ಪುಸ್ತಕ ತೆಗೆದರು. ಅವರಿಗೆ ಅಕ್ಷರ ಕಾಣದು. ಇಲ್ಲಿಯ ಕ್ರೈಸ್ತರ ಮನೆಮಾತು ಕೊಂಕಣಿ. ಆದರೆ ಅದನ್ನು ಅವರು ಬರೆಯುವುದು ಕನ್ನಡ ಅಕ್ಷರದಲ್ಲಿ. ಮೊಮ್ಮಗಳಿಗೆ ಕೊಂಕಣಿ ಬಾರದು, ಅಕ್ಷರ ಬರುತ್ತದೆ. ಅರ್ಥ ಗೊತ್ತಿಲ್ಲದೆ ಅವಳು ಗಟ್ಟಿಯಾಗಿ ಓದಿದಳು. ಕಾಣದ ಬಾಯಮ್ಮ ಕೇಳಿ ಅರ್ಥ ಹೇಳಿದರು. ಹೀಗೆ ಇಬ್ಬರೂ ಸೇರಿ ಒಂದು ಪುಟ ಓದಿದರು. ಸುತ್ತಿದ ಕಿಡಿಯೊಗಳಲ್ಲಿ ಅರ್ಧಕ್ಕರ್ಧ ಸೊಟ್ಟ. "ಹುಳ ಯಾವಾಗ ನೆಟ್ಟಗಿರುತ್ತದೆ?" ಎಂದು ಬಾಯಮ್ಮ ನಕ್ಕರು. ಆ ಕ್ರಿಸ್ಮಸ್‌ಗೆ ನಮ್ಮ ಕಟ್ಟಡದ ಹದಿನಾಲ್ಕು ಬಾಗಿಲಿಗೆ ತಟ್ಟೆ ಹೋಯಿತು. ಅದರಲ್ಲಿ ಕೆಲವರ ಹೆಸರು ನನಗೆ ತಿಳಿದದ್ದೇ ಅಂದು.

ರಜೆಯಲ್ಲಿ ನೀವೂ ಮಾಡಿ ನೋಡಬೇಕೆಂದರೆ ಅಳತೆ ಇಲ್ಲಿದೆ. ಎರಡು ಬಟ್ಟಲು ಮೈದಾ, ಚಿಟಿಕೆ ಉಪ್ಪು, ಒಂದು ಚಮಚ ಬಿಸಿ ತುಪ್ಪ. ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿದು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಚಿಕ್ಕ ಗೋಲಿ ಮಾಡಿ, ಮುಳ್ಳುಚಮಚದ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ. ಹದ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯುವುದು ದೊಡ್ಡವರ ಕೆಲಸ. ಒಂದು ಬಟ್ಟಲು ಸಕ್ಕರೆಗೆ ಕಾಲು ಬಟ್ಟಲು ನೀರು ಹಾಕಿ ಗಟ್ಟಿ ಪಾಕ ಮಾಡಿ, ಕರಿದದ್ದನ್ನು ಅದರಲ್ಲಿ ಹೊರಳಿಸಿ ಆರಲು ಬಿಡಿ.

ಆರಿದ ಮೇಲೆ ಮೊದಲ ತಟ್ಟೆ ಪಕ್ಕದ ಮನೆಗೆ. ಸ್ಟೀಲಿನದೋ ಪಿಂಗಾಣಿಯದೋ, ನಿಮ್ಮ ಮನೆಯ ತಟ್ಟೆಯಲ್ಲೇ ಕೊಡಿ. ಬಿಸಾಡುವ ಕಾಗದದ ತಟ್ಟೆ ಬೇಡ. ತಟ್ಟೆ ನಿಮ್ಮದಾದರೆ ಅದನ್ನು ಹಿಂದಿರುಗಿಸಲು ಅವರು ಬಂದೇ ಬರುತ್ತಾರೆ.