14 ಜಿಲ್ಲೆ, 17 ಸಾಲು

ಮಲಯಾಳದಲ್ಲಿ ‘ಚಿಲ್ಲು’ ಎಂಬ ಅಕ್ಷರಗಳಿವೆ. ಪದದ ಕೊನೆಯಲ್ಲೋ ನಡುವೆಯೋ ಸ್ವರವಿಲ್ಲದ ‘ನ್’, ‘ರ್’, ‘ಲ್’ ಬಂದರೆ ನಾವು ವ್ಯಂಜನದ ನೆತ್ತಿಯ ಮೇಲೆ ಒಂದು ಕೊಂಡಿ ಹಾಕಿ ಮುಂದೆ ಹೋಗುತ್ತೇವೆ. ಅವರು ಅದಕ್ಕೆಂದೇ ಬೇರೆ ಆಕಾರ ಬರೆಯುತ್ತಾರೆ. ನಮ್ಮಲ್ಲೂ ಹಿಂದೆ ಇಂಥದ್ದೊಂದು ಇತ್ತು, ನಕಾರ ಪೊಲ್ಲು. 2021ರಲ್ಲಿ ಯೂನಿಕೋಡ್ 14 ಬಂದಾಗ ಅದಕ್ಕೂ ಒಂದು ಸ್ಥಾನ ಸಿಕ್ಕಿತು. ಕೊಚ್ಚಿಗೆ ಕೆಲಸಕ್ಕೆ ಬರುವವರೆಗೆ ಈ ಚಿಲ್ಲು ಎಂಬುದು ನನ್ನ ಕೆಲಸಕ್ಕೆ ಸಂಬಂಧಿಸಿದ ವಿಷಯ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಮ್ಮ ತಂಡ ಕಾಕ್ಕನಾಡಿನಲ್ಲಿ, ಕೆಲಸ ಕೊಟ್ಟವರು ತಿರುವನಂತಪುರದಲ್ಲಿ. ಶಾಲಾ ಗ್ರಂಥಾಲಯಗಳಿಗೆ ಕಥೆ ಪುಸ್ತಕ ಹಂಚುವ ಒಂದು ಸಂಸ್ಥೆ ಅದು. ಯಾವ ಜಿಲ್ಲೆಗೆ ಯಾವ ಭಾಷೆಯ ಎಷ್ಟು ಪುಸ್ತಕ ಬೇಕೆಂದು ಶಾಲೆಗಳಿಂದ ಎಕ್ಸೆಲ್ ಹಾಳೆಗಳು ಬರುತ್ತಿದ್ದವು. ಅವನ್ನು ಓದಿ ಲೆಕ್ಕ ಹಾಕುವ ಪ್ರೋಗ್ರಾಂ ರೂಬಿ ಭಾಷೆಯಲ್ಲಿತ್ತು, ಬೇರೆ ಯಾರೋ ಬರೆದು ಬಿಟ್ಟುಹೋದದ್ದು. ಅದನ್ನು ನೋಡಿಕೊಳ್ಳುವುದು ನಮ್ಮ ಪಾಲಿಗೆ ಬಂತು.

ರೂಬಿ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಹೊರತಂದ ಭಾಷೆ ಇದು. ಇದರಲ್ಲಿ ‘ಸಿಂಬಲ್’ ಎಂಬ ವಸ್ತುವೊಂದಿದೆ. ಹೆಸರಿನ ಹಿಂದೆ ಒಂದು ಕೋಲನ್ ಇಟ್ಟರೆ ಆಯಿತು, ಅದು ಆ ಹೆಸರಿನ ಬಿಲ್ಲೆ. ಹಳೆಯ ಹೋಟೆಲುಗಳಲ್ಲಿ ಟೋಕನ್ ಕೊಟ್ಟು ತಿಂಡಿ ಪಡೆಯುತ್ತಿದ್ದಂತೆ, ಈ ಬಿಲ್ಲೆ ಕೊಟ್ಟು ಒಳಗಿನ ಮಾಹಿತಿ ಪಡೆಯಬಹುದು. ಸಂತೋಷದ ಸಂಗತಿ ಎಂದರೆ ಬಿಲ್ಲೆಯ ಮೇಲೆ ಕನ್ನಡವೂ ನಡೆಯುತ್ತದೆ. :ಊರು ಎಂದು ಬರೆದರೆ ರೂಬಿ ತಕರಾರು ಮಾಡುವುದಿಲ್ಲ. ಹೆಸರಿನಲ್ಲಿ ಖಾಲಿ ಜಾಗವೋ ಅಡ್ಡಗೆರೆಯೋ ಇದ್ದರೆ ಉದ್ಧರಣ ಚಿಹ್ನೆ ಹಾಕಬೇಕು, :"ಮನೆ-ಹೆಸರು" ಎಂದು. ಹಾಕದಿದ್ದರೆ ಮನೆಯಿಂದ ಹೆಸರನ್ನು ಕಳೆಯಲು ಹೊರಡುತ್ತದೆ!

ಮೆಥಡ್‌ಗಳ ಹೆಸರಿಗೂ ಹೀಗೆಯೇ ಮಡಿ ಮೈಲಿಗೆ ಇದೆ. ಕೊನೆಯಲ್ಲಿ ಪ್ರಶ್ನಾರ್ಥಕ ಅಥವಾ ಆಶ್ಚರ್ಯಸೂಚಕ ಚಿಹ್ನೆ ಇರಬಹುದು, ಖಾಲಿ? ಎಂಬುದು ಸರಿಯಾದ ಹೆಸರು. ನಡುವೆ ಅಡ್ಡಗೆರೆ ಇರುವ ಮೆಥಡ್ಡನ್ನು ‘ಡಿಫೈನ್ ಮೆಥಡ್’ ಎಂಬ ಹಿಂಬಾಗಿಲಿನಿಂದ ಸೃಷ್ಟಿಸಬಹುದು, ಆದರೆ ಮಾಮೂಲಿಯಾಗಿ ಚುಕ್ಕಿ ಇಟ್ಟು ಕರೆದರೆ ಬರುವುದಿಲ್ಲ. ‘ಪಬ್ಲಿಕ್ ಸೆಂಡ್’ ಮೂಲಕವೇ ಹೇಳಿಕಳುಹಿಸಬೇಕು. ಇನ್ನು ಕ್ಲಾಸಿನ ಹೆಸರು ದೊಡ್ಡಕ್ಷರದಿಂದಲೇ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿವೆ? ಹಾಗಾಗಿ ಊರು ಎಂಬ ಕ್ಲಾಸು ಬೇಕಾದರೆ ಮುಂದೆ ಒಂದು ಇಂಗ್ಲಿಷ್ ದೊಡ್ಡಕ್ಷರವನ್ನು ಕಾವಲಿಗೆ ನಿಲ್ಲಿಸಿಕೊಳ್ಳಬೇಕು.

ನಮ್ಮ ಪ್ರೋಗ್ರಾಂ ಹಾಳೆಯಲ್ಲಿದ್ದ ಜಿಲ್ಲೆಯ ಹೆಸರುಗಳನ್ನೇ ಸಿಂಬಲ್ ಮಾಡಿಕೊಳ್ಳುತ್ತಿತ್ತು. ಹೆಸರುಗಳು ಮಲಯಾಳದಲ್ಲಿದ್ದವು. ಒಂದು ಸಂಜೆ ನಮ್ಮ ತಂಡದ ಕುಂಬಳೆಯ ಹುಡುಗ ಬಂದು, “ಸರ್, ಎಂತದು ಇದು? ನಮ್ಮ ಬದಿಯ ಶಾಲೆಗಳಿಗೆ ಕನ್ನಡ ಪುಸ್ತಕ ಇಷ್ಟೇ ಉಂಟಾ? ಮಂಜೇಶ್ವರದ್ದು ಒಂದೂ ಕಾಣುದಿಲ್ಲ” ಎಂದ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಕೇರಳ ಸರ್ಕಾರವೇ ಅವಕ್ಕೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಆ ಮಕ್ಕಳಿಗೆ ಕಥೆ ಪುಸ್ತಕ ಹೋಗದಿದ್ದರೆ ತಿರುವನಂತಪುರದಲ್ಲಿ ಯಾರ ಗಮನಕ್ಕೂ ಬರುತ್ತಿರಲಿಲ್ಲ. ರಾಜ್ಯದ ಒಟ್ಟು ಲೆಕ್ಕದಲ್ಲಿ ಅದು ಸಣ್ಣ ಸಂಖ್ಯೆ.

ಪೂರ್ತಿ ವರದಿ ತೆಗೆಸಿ ನೋಡಿದೆವು. ಕೇರಳಕ್ಕೆ ಇರುವುದು 14 ಜಿಲ್ಲೆ, ವರದಿಯಲ್ಲಿ 17 ಸಾಲು! ತ್ರಿಶ್ಶೂರ್ ಎರಡು, ಕಣ್ಣೂರ್ ಎರಡು, ಕಾಸರ್‌ಗೋಡ್ ಎರಡು. ಅಕ್ಷರಕ್ಕೆ ಅಕ್ಷರ ಹೋಲಿಸಿದರೂ ವ್ಯತ್ಯಾಸವಿಲ್ಲ. ಈ ಮೂರೇ ಏಕೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಕೋಟ್ಟಯಂ ಕಡೆಯ ನಮ್ಮ ಚೇಚ್ಚಿಯೊಬ್ಬರು ಹಾಳೆ ನೋಡಿ, ಮೂರರಲ್ಲೂ ‘ರ್’ ಚಿಲ್ಲು ಇದೆ, ಉಳಿದ 11ರಲ್ಲಿ ಯಾವ ಚಿಲ್ಲೂ ಇಲ್ಲ ಎಂದರು.

ಗುಟ್ಟು ಅಲ್ಲಿತ್ತು. 2008ಕ್ಕೆ ಮೊದಲು ಕಂಪ್ಯೂಟರಿನಲ್ಲಿ ಚಿಲ್ಲು ಬರೆಯಲು ವ್ಯಂಜನ, ಅದರ ಮುಂದೆ ಚಂದ್ರಕಲೆ, ಅದರ ಮುಂದೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ, ಹೀಗೆ ಮೂರು ಸಂಕೇತ ಬೇಕಿತ್ತು. ಆ ವರ್ಷ ಯೂನಿಕೋಡ್ 5.1 ಬಂದಾಗ ಚಿಲ್ಲುಗಳಿಗೇ ಪ್ರತ್ಯೇಕವಾಗಿ ಆರು ಸ್ಥಾನ ಕೊಟ್ಟರು. ತೆರೆಯ ಮೇಲೆ ಹಳೆಯದೂ ಹೊಸದೂ ಒಂದೇ ಥರ ಕಾಣುತ್ತವೆ. ರೂಬಿಗೆ ಮಾತ್ರ ಅವು ಬೇರೆ ಬೇರೆ ಹೆಸರು, ಆದ್ದರಿಂದ ಬೇರೆ ಬೇರೆ ಬಿಲ್ಲೆ. ಕಾಣದ ಜೋಡಕವನ್ನೂ ಅದು ಹೆಸರಿನ ಭಾಗವೆಂದೇ ಎಣಿಸುತ್ತದೆ. ಮಂಜೇಶ್ವರ ಕಡೆಯ ಹಾಳೆಗಳನ್ನು ಹಳೆಯ ಕೀಲಿಮಣೆಯಲ್ಲಿ ಟೈಪ್ ಮಾಡಿದ್ದರು. ಪುಸ್ತಕ ಕಳಿಸುವ ಪಟ್ಟಿ ಹೊಸ ಚಿಲ್ಲಿನ 14 ಹೆಸರುಗಳನ್ನು ಮಾತ್ರ ಹುಡುಕುತ್ತಿತ್ತು. ಉಳಿದ ಮೂರು ಸಾಲುಗಳನ್ನು ಕೇಳುವವರೇ ಇರಲಿಲ್ಲ.

ಪರಿಹಾರಕ್ಕೆ ಮೂರು ಸಲಹೆ ಬಂದವು. ಕಾಣದ ಚಿಹ್ನೆಗಳನ್ನೆಲ್ಲ ಅಳಿಸಿಬಿಡೋಣ ಎಂದರು ಒಬ್ಬರು. ಅಳಿಸಿದರೆ ಹಳೆಯ ಚಿಲ್ಲು ಬರಿಯ ಚಂದ್ರಕಲೆಯಾಗಿ ಉಳಿಯುತ್ತದೆ, ಹೊಸದರ ಜೊತೆ ಆಗಲೂ ಹೊಂದುವುದಿಲ್ಲ. ಅಲ್ಲದೆ ಕನ್ನಡದ ‘ರಾಜ್‌ಕುಮಾರ್’ ಇದೇ ಜಾತಿಯ ಚಿಹ್ನೆಯ ಬಲದಿಂದ ಬಿಡಿಸಿ ನಿಂತಿರುವುದು. ತೆಗೆದರೆ ‘ರಾಜ್ಕುಮಾರ್’ ಆಗಿ ಕ ಜದ ಕಾಲಿಗೆ ಬೀಳುತ್ತದೆ. ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ಇಳಿಸೋಣ ಎಂದರು ಇನ್ನೊಬ್ಬರು. ಆಗ ಹಳ್ಳಿಯೂ ಹಲ್ಲಿಯೂ ಒಂದಾಗಿಬಿಡುತ್ತವೆ. ರೂಬಿ 2.2ರಿಂದ ಅದರಲ್ಲೇ ಇರುವ ಯೂನಿಕೋಡ್ ನಾರ್ಮಲೈಸ್ ಸಾಕು ಎಂದರು ಮತ್ತೊಬ್ಬರು. ಅದು ಕನ್ನಡದ ‘ಕೊ’ವನ್ನು ಒಂದೇ ಸ್ವರಚಿಹ್ನೆಯಿಂದ ಬರೆದರೂ ಎರಡು ತುಂಡಾಗಿ ಬರೆದರೂ ಒಂದೇ ರೂಪಕ್ಕೆ ತರುತ್ತದೆ, ನಿಜ. ಆದರೆ ಎರಡು ಬಗೆಯ ಚಿಲ್ಲನ್ನು ಯೂನಿಕೋಡ್ ಸಮಾನವೆಂದು ಒಪ್ಪಿಲ್ಲ, ಹಾಗಾಗಿ ಇಲ್ಲಿ ಅದು ಕೈ ಚೆಲ್ಲುತ್ತದೆ.

ಕೊನೆಗೆ ಮಾಡಿದ್ದು ಇಷ್ಟು. ಹಾಳೆ ಒಳಗೆ ಬರುವ ಬಾಗಿಲಲ್ಲೇ ಹಳೆಯ ಚಿಲ್ಲುಗಳನ್ನು ಹೊಸದಕ್ಕೆ ಬದಲಿಸಿ, ಆಮೇಲೆ ನಾರ್ಮಲೈಸ್ ಮಾಡಿದೆವು. ಜಿಲ್ಲೆಗಳಿಗೆ ಹೆಸರಿನ ಬದಲು ಸಂಖ್ಯೆಯನ್ನೇ ಬಿಲ್ಲೆಯಾಗಿ ಕೊಟ್ಟೆವು. ಕೇರಳದ ಗಾಡಿಗಳ ನಂಬರಿನ ಪ್ರಕಾರ ತಿರುವನಂತಪುರ 1, ಎರ್ನಾಕುಳಂ 7, ಕಾಸರಗೋಡು 14, ಅದನ್ನೇ ಇಟ್ಟುಕೊಂಡೆವು. ಹೆಸರು ಓದುವವರಿಗಾಗಿ ಉಳಿಯಿತು, ಅವರವರ ಭಾಷೆಯಲ್ಲಿ. ಪಟ್ಟಿಗೆ ಹೊಂದದ ಹೆಸರು ಬಂದರೆ ಸುಮ್ಮನೆ ಹೊಸ ಸಾಲು ಹುಟ್ಟಿಸದೆ ನಿಂತು ಕೇಳುವಂತೆಯೂ ಮಾಡಿದೆವು. ಮುಖ್ಯವಾದದ್ದು ಈ ಕೊನೆಯದೇ ಎಂದು ನನಗನ್ನಿಸುತ್ತದೆ.

ಕೇರಳದಲ್ಲಿ ಹೆಸರೆಂದರೆ ಹಗುರದ ವಿಷಯವಲ್ಲ. ಟ್ರಿವೇಂಡ್ರಂ 1991ರಲ್ಲಿ ತಿರುವನಂತಪುರವಾಯಿತು, ಕೊಚ್ಚಿನ್ 1996ರಲ್ಲಿ ಕೊಚ್ಚಿಯಾಯಿತು. ವಿಮಾನದ ಟಿಕೆಟಿನಲ್ಲಿ ಇಂದಿಗೂ ಟಿಆರ್‌ವಿ, ಸಿಓಕೆ ಎಂದೇ ಇದೆ, ಯಾರಿಗೂ ತೊಂದರೆಯಿಲ್ಲ. ಏಕೆಂದರೆ ಅಲ್ಲಿ ಹೆಸರು ಬೇರೆ, ಬಿಲ್ಲೆ ಬೇರೆ. ಕಾಸರಗೋಡಿನ ಕನ್ನಡಿಗರಿಗೆ ತಮ್ಮ ಊರಿನ ಹೆಸರು ಯಾವ ಭಾಷೆಯಲ್ಲಿ ಹೇಗೆ ಉಳಿಯುತ್ತದೆ ಎಂಬುದು ಹಳೆಯ ಆತಂಕ. ಅದಕ್ಕೆ ನಮ್ಮ ಪ್ರೋಗ್ರಾಂ ಉತ್ತರವಲ್ಲ. ಆದರೆ ಹೆಸರನ್ನು ಹೇಗೆ ಟೈಪ್ ಮಾಡಿದರು ಎಂಬುದರ ಮೇಲೆ ಒಂದು ಶಾಲೆಯ ಪುಸ್ತಕ ನಿಲ್ಲಬಾರದು.

ಬೆಂಗಳೂರು, ಪುಣೆ, ಚೆನ್ನೈಗಳಲ್ಲಿ ಕೂತು ಇಂಥ ಕೆಲಸ ಮಾಡುವ ಗೆಳೆಯರು ತಮ್ಮ ವರದಿಯ ಸಾಲುಗಳನ್ನು ಒಮ್ಮೆ ಎಣಿಸಿ ನೋಡಲಿ. ಅದಕ್ಕೆ ರೂಬಿ ಬರಬೇಕೆಂದೇನಿಲ್ಲ. ನಮ್ಮಲ್ಲಿ ಅದನ್ನು ಹಿಡಿದದ್ದು ಒಬ್ಬ ಹುಡುಗನಿಗೆ ತನ್ನೂರ ಶಾಲೆಗಳ ಹೆಸರು ಬಾಯಿಪಾಠವಿದ್ದದ್ದರಿಂದ.